ಇಪ್ಪತ್ತಮೂರನೇ ಮನೆಯ ವಾರ

ಕ್ಲೆನೂವ್ಕಾ, ಎಂಟನೇ ಮನೆ
ಆಗಸ್ಟ್ ತಿಂಗಳ ಕೊನೆಯ ಭಾನುವಾರ

ಪಂಚಾಯಿತಿ ಸಭೆಯಿಂದ ಅರ್ಧಕ್ಕೇ ಎದ್ದುಹೋದ ನನ್ನ ಅಪೊಲೆನಾಗೆ,

ಮೊದಲು ಹೇಳಿಬಿಡುತ್ತೇನೆ, ಶುಕ್ರವಾರ ನೀನು ಬಿಟ್ಟುಹೋದ ತಟ್ಟೆಯನ್ನು ನಾನೇ ಖಾಲಿ ಮಾಡಿದೆ. ಸಭೆ ನಡೆದ ಹೋಟೆಲಿನವಳು ಎತ್ತಿಕೊಂಡು ಹೋಗಲು ಬಂದಳು. ನಮ್ಮ ಹುಡುಗಿಯದು, ಇಲ್ಲೇ ಇರಲಿ ಎಂದೆ. ನೀನು ಬಾಗಿಲು ಬಡಿದ ಸದ್ದಿಗೆ ಗೋಡೆಯ ಮೇಲಿನ ಅಗ್ನಿಶಾಮಕ ದಳದ ಪಟ ಸೊಟ್ಟಗಾಯಿತು. ಯಾರೂ ಎದ್ದು ನೆಟ್ಟಗೆ ಮಾಡಲಿಲ್ಲ. ಇವತ್ತಿಗೂ ಸೊಟ್ಟಗೇ ಇದೆ. ಅದನ್ನು ನೀನೇ ಬಂದು ಸರಿಮಾಡಬೇಕೆಂದು ನಾನು ತೀರ್ಮಾನಿಸಿದ್ದೇನೆ.

ಅಂದು ಆಡಿದ ಮಾತುಗಳು ಒಂದೂ ಬಿಡದೆ ನೆನಪಿವೆ. ಅಧ್ಯಕ್ಷ ರಾದೊವಾನ್ ಕೌಡೆಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಪೊಲೆನಾ, ಕೊಡಲ್ಲ ಅಂತ ನಾನು ಹೇಳ್ತಿಲ್ಲ. ಬಿದ್ದುಹೋದ ಇಪ್ಪತ್ತಮೂರನೇ ಮನೆ ನಂಬರನ್ನ ನೀನು ಕಟ್ತಿರೋ ಹೊಸ ಮನೆಗೆ ಹಚ್ಚೋಕೆ ಕಾಯ್ದೆ ಬಿಡಲ್ಲ. ನಿನ್ನ ಮನೆಗೆ ಅರವತ್ತೊಂದು ಬರುತ್ತೆ. ಒಳ್ಳೆ ನಂಬರು" ಎಂದ. ನೀನು, "ಅದು ತಾನಾಗೇ ಬಿದ್ದ ಮನೆ ಅಲ್ಲ. ನಿಮ್ಮಜ್ಜ ಬೀಳಿಸಿದ್ದು" ಎಂದೆ. ಬಿಯರ್ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು. ಆಮೇಲೆ ನೀನು, ಅರ್ಧ ಎದ್ದಿರುವ ಗೋಡೆ ಸಮೇತ ಆ ಜಾಗವನ್ನು ಬ್ರನೋ ನಗರದ ಯಾರೋ ದಂತವೈದ್ಯರಿಗೆ ಮಾರುತ್ತೇನೆ, ಶನಿವಾರ ಭಾನುವಾರ ಬಂದು ಮಾಂಸ ಸುಟ್ಟುಕೊಂಡು ಹೋಗಲಿ, ಕೌಡೆಲಾಗಳ ಕೈಯಿಂದ ನಂಬರು ತೆಗೆದುಕೊಳ್ಳುವ ಹಣೆಬರಹ ನನಗಿಲ್ಲ ಎಂದೆ. ನಿನ್ನಜ್ಜ ವೆಂಡೆಲಿನ್‌ಗೆ ಸಿಟ್ಟು ಬಂದಾಗ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ನಿನ್ನದೂ ಹಾಗೇ. ನನಗೆ ದುಃಖವಾಗಬೇಕಿತ್ತು. ಆದರೆ ನನ್ನ ತಮ್ಮ ಸತ್ತು ಎಂಟು ತಿಂಗಳಾದ ಮೇಲೆ ಅವನ ಕಿವಿಯನ್ನು ಮತ್ತೆ ನೋಡಿದಂತಾಗಿ ಒಳಗೊಳಗೇ ಖುಷಿಯಾಯಿತು.

ನೀನು ಹೋದ ಮೇಲೆ ರಾದೊವಾನ್ ನನ್ನ ಪಕ್ಕ ಬಂದು ಕೂತ. "ಹೆಡ್ವಿಕಾ ಅತ್ತೆ, ನಾನೇನು ಹೇಳ್ಬೇಕಿತ್ತು?" ಎಂದ. "ಏನೂ ಬೇಡ. ನೀನು ಜೇನು ಸಾಕೋನು, ಕುಟುಕಿಸ್ಕೊಂಡ ಮೇಲೆ ಅಲ್ಲಾಡಬಾರದು ಅಂತ ನಿನಗೆ ಗೊತ್ತಿರಬೇಕು" ಎಂದೆ. ಪಾಪ, ನಕ್ಕ.

ಈಗ ಇಬ್ಬರೇ ಮಾತಾಡೋಣ. ನಿನಗೆ ನಮ್ಮ ಮನೆ ಹೋದ ಕಥೆ ಗೊತ್ತು. ಹೋದ ದಿನದ ಕಥೆ ಗೊತ್ತಿಲ್ಲ. ನಿನ್ನಜ್ಜನಿಗೂ ಪೂರ್ತಿ ಗೊತ್ತಿರಲಿಲ್ಲ, ಆ ದಿನ ಅವನಿಗೆ ಗಂಟೆಗಳಷ್ಟೇ ವಯಸ್ಸು. ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ. ಆದ್ದರಿಂದ ಚಹಾ ಮಾಡಿಕೊಂಡು ಕೂತು ಓದು.

ಬ್ರನೋದಲ್ಲಿ ಬೆಳೆದ ನಿನಗೆ ಬೀದಿ ಎಂದರೆ ಒಂದು, ಮೂರು, ಐದು. ನಮ್ಮಲ್ಲಿ ನಂಬರಿಗೂ ದಾರಿಗೂ ಸಂಬಂಧವಿಲ್ಲ. ಹಿಂದೆ ಮಹಾರಾಣಿಯ ಕಾಲದಲ್ಲಿ, ಸೈನ್ಯಕ್ಕೆ ಎಷ್ಟು ಗಂಡಸರು ಸಿಗುತ್ತಾರೆಂದು ಎಣಿಸಲು ಬಂದ ಅಧಿಕಾರಿ ಕುದುರೆ ಇಳಿದದ್ದು ಕೌಡೆಲಾಗಳ ಅಂಗಳದಲ್ಲಿ. ಅದಕ್ಕೇ ಅವರದು ಒಂದು. ಅಲ್ಲಿಂದ ಕೆರೆ ಸುತ್ತಿ ಇದ್ದ ಮನೆಗಳಿಗೆಲ್ಲ ಕಪ್ಪು ಬಣ್ಣದಲ್ಲಿ ನಂಬರು ಬರೆದು ಹೋದ. ಆಮೇಲೆ ಯಾರು ಎಲ್ಲಿ ಕಟ್ಟಿದರೂ ಕಟ್ಟಿದ ಸರದಿಯಲ್ಲಿ ಮುಂದಿನ ನಂಬರು. ಹಾಗಾಗಿ ಇಪ್ಪತ್ತೆರಡು ಕೆರೆಯ ಏರಿಯ ಕೆಳಗಿದೆ, ಅದರ ಪಕ್ಕದ್ದು ಏಳು, ಆಚೆಗೆ ನಲವತ್ತೊಂದು. ಇಪ್ಪತ್ತನಾಲ್ಕು ಚಾಪೆಲ್ಲಿನ ಹಿಂದೆ. ಇಪ್ಪತ್ತಮೂರು ಮಾತ್ರ ಎಲ್ಲರಿಂದ ದೂರ, ಕಾಡಂಚಿನ ದಿಬ್ಬದ ಮೇಲೆ. ನಾನು ಭಾನುವಾರ ಲೈಬ್ರರಿ ತೆರೆದಾಗ ಬರುವ ಮಕ್ಕಳಿಗೆ ಹೇಳುವುದುಂಟು, ಈ ಊರನ್ನು ಕಾಲಲ್ಲಿ ನಡೆದರೆ ಭೂಗೋಳ, ನಂಬರಿನಲ್ಲಿ ನಡೆದರೆ ಇತಿಹಾಸ ಎಂದು. ಮಕ್ಕಳಿಗೆ ಅದು ಬೇಕಿಲ್ಲ, ಕೊನೆಗೆ ಕೊಡುವ ಗಸಗಸೆ ಬನ್ನು ಬೇಕು.

ನಮ್ಮ ದಿಬ್ಬಕ್ಕೆ ಮೊದಲು ಹೋದವನು ನಮ್ಮ ಮೂಲಪುರುಷ ಮಾಟೌಶ್, ಆರನೇ ಮನೆಯ ಎರಡನೇ ಮಗ. ಗದ್ದೆಯೆಲ್ಲ ಅಣ್ಣನ ಪಾಲಾಗಿ, ಇವನಿಗೆ ಸಿಕ್ಕಿದ್ದು ಕಲ್ಲು. ಆ ಕಲ್ಲನ್ನು ಆರಿಸಿ ಆರಿಸಿ ಗಡಿಯಲ್ಲಿ ಗುಡ್ಡೆ ಹಾಕಿದ. ನಿನ್ನ ಸಿಮೆಂಟು ಲಾರಿ ಮೊನ್ನೆ ಸಿಕ್ಕಿಹಾಕಿಕೊಂಡಿದ್ದು ಅದೇ ಗುಡ್ಡೆಗೆ. ಅವನು ಅಲ್ಲಿ ಕಟ್ಟಿದ ಮನೆಯ ಮಾಡಿನ ಒಂದು ಇಳಿಜಾರಿನ ನೀರು ಲಾಬೆ ನದಿಯ ಕಡೆಗೆ, ಇನ್ನೊಂದರದು ಡ್ಯಾನ್ಯೂಬಿನ ಕಡೆಗೆ. ಊರವರು ಅವನನ್ನು, ಮಳೆಗೂ ಯಾವ ಕಡೆ ಹೋಗೋದು ಅಂತ ಗೊತ್ತಾಗದ ಜಾಗದಲ್ಲಿ ಮನೆ ಕಟ್ತಿದ್ದೀಯಲ್ಲೋ ಎಂದು ಆಡಿಕೊಂಡರಂತೆ. ಆಗಿನ ಊರಿನ ಕೊನೆಯ ನಂಬರು, ಕೆಟ್ಟ ನೆಲ, ಎರಡನೇ ಮಗ. ಇಪ್ಪತ್ತಮೂರು ಎಂದರೆ ಅದು. ನೀನು ಕಿರೀಟದಂತೆ ಕೇಳುತ್ತಿರುವ ನಂಬರನ್ನು ಅವನು ತಲೆತಗ್ಗಿಸಿ ತೆಗೆದುಕೊಂಡಿದ್ದ.

ಇನ್ನು ಆ ದಿನ. ಐವತ್ತೆರಡನೇ ಇಸವಿ, ಸೆಪ್ಟೆಂಬರ್. ಆಲೂಗಡ್ಡೆ ಕೀಳುವ ಕಾಲ. ಕಮ್ಯುನಿಸ್ಟ್ ಸರ್ಕಾರದ ಸಹಕಾರಿ ಬೇಸಾಯಕ್ಕೆ ಅಪ್ಪ ಸೇರಿರಲಿಲ್ಲ. ಸೇರದವರನ್ನು ಏನು ಮಾಡುತ್ತಾರೆಂದು ಪಕ್ಕದೂರುಗಳಲ್ಲಿ ನೋಡಿಯಾಗಿತ್ತು. ಅಂದಿನ ಅಧ್ಯಕ್ಷ ಅಲೋಯ್ಸ್ ಕೌಡೆಲಾ, ರಾದೊವಾನನ ಅಜ್ಜ. ನಮ್ಮನ್ನು ಹೊರಹಾಕುವ ಕಾಗದಕ್ಕೆ ಸಹಿ ಹಾಕಿದವನು ಅವನೇ. ಅದರ ಬಗ್ಗೆ ಯಾರೂ ನಿನಗೆ ಸುಳ್ಳು ಹೇಳಿಲ್ಲ.

ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋದ ಮೇಲೆ ಅಮ್ಮನಿಗೆ ಹೆರಿಗೆ ನೋವು ಶುರುವಾಯಿತು. ನನಗೆ ಏಳು ವರ್ಷ. "ಓಡು, ರೊಜೀನಜ್ಜಿಯನ್ನ ಕರ್ಕೊಂಡು ಬಾ. ದಾರೀಲಿ ಬಾತುಕೋಳಿ ನೋಡ್ತಾ ನಿಲ್ಲಬೇಡ" ಎಂದಳು. ರೊಜೀನಜ್ಜಿ ಊರಿನ ಸೂಲಗಿತ್ತಿ. ನಾನು ದಿಬ್ಬ ಇಳಿದು ಕೆರೆ ಹತ್ತಿರ ಬರುವಷ್ಟರಲ್ಲಿ ಒಂದು ಟ್ರಕ್ಕು ಕೌಡೆಲಾ ಅಂಗಳದಲ್ಲಿ ನಿಂತಿತ್ತು. ಪಟ್ಟಣದಿಂದ ಇಬ್ಬರು ಬಂದಿದ್ದರು. ಒಬ್ಬನಿಗೆ ಚರ್ಮದ ಕೋಟು, ಆ ಬಿಸಿಲಲ್ಲೂ.

"ಇಪ್ಪತ್ತಮೂರು ಎಲ್ಲಿ ಬರುತ್ತೆ, ಕಾಮ್ರೇಡ್?" ಎಂದು ಕೋಟಿನವನು ಕೇಳಿದ.

ಅಲೋಯ್ಸ್ ಬಾಗಿಲಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದ. ನಿಧಾನವಾಗಿ ಅಗಿದು ನುಂಗಿದ. ಆಮೇಲೆ, "ಇಪ್ಪತ್ತೆರಡು ಆದ್ಮೇಲೆ" ಎಂದ. "ಇಪ್ಪತ್ತೆರಡು ಕೆರೆ ಏರಿ ಕೆಳಗೆ."

ಅದು ಸುಳ್ಳಲ್ಲ. ಇತಿಹಾಸದ ಪ್ರಕಾರ ಅಚ್ಚುಕಟ್ಟಾದ ಉತ್ತರ. ಅವರು ಟ್ರಕ್ಕು ತಿರುಗಿಸಿಕೊಂಡು ಇಪ್ಪತ್ತೆರಡಕ್ಕೆ ಹೋದರು. ಅಲ್ಲಿ ಪೆಹೋವಾ ಅತ್ತೆ ಹೆಬ್ಬಾತುಗಳಿಗೆ ಕಾಳು ಹಾಕುತ್ತಿದ್ದಳು.

"ಇದು ಇಪ್ಪತ್ತೆರಡು ತಾನೆ? ಹಾಗಿದ್ರೆ ಪಕ್ಕದ್ದು ಇಪ್ಪತ್ತಮೂರು."

"ಪಕ್ಕದ್ದು ಏಳಪ್ಪ."

"ಏಳರ ಪಕ್ಕ?"

"ನಲವತ್ತೊಂದು. ಹೋದ ವರ್ಷ ಸುಣ್ಣ ಹೊಡೆಸಿದ್ರು, ಚೆನ್ನಾಗಿದೆ, ನೋಡ್ಕೊಂಡು ಹೋಗಿ."

"ಸ್ಟೆಯ್ಸ್ಕಲ್ ಅನ್ನೋರ ಮನೆ ಬೇಕಮ್ಮ ನಮಗೆ" ಎಂದು ನಮ್ಮ ಮನೆತನದ ಹೆಸರನ್ನೇ ಹೇಳಿದರು.

"ಸ್ಟೆಯ್ಸ್ಕಲ್ ಅಂದ್ರೆ ಯಾರು? ನಾನೂ ಹುಟ್ಟಿದ್ದು ಸ್ಟೆಯ್ಸ್ಕಲ್ ಮನೇಲೇ. ಊರಲ್ಲಿ ಅರ್ಧ ಜನ ಅವರೇ. ಸತ್ತೋರೂ ಬೇಕಾದ್ರೆ ಸ್ಮಶಾನದಲ್ಲಿ ಒಂದು ಸಾಲು ಇದ್ದಾರೆ."

ನಾನು ಬಾತುಕೋಳಿ ನೋಡಲಿಲ್ಲ, ನಿಜ. ಇದನ್ನು ನೋಡುತ್ತ ನಿಂತೆ. ಆಮೇಲೆ ನೆನಪಾಗಿ ರೊಜೀನಜ್ಜಿಯ ಮನೆಗೆ ಓಡಿದೆ.

ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಅಪೊಲೆನಾ. ಊರು ಸಭೆ ಸೇರಿ ಮಾಡಿದ್ದಲ್ಲ ಅದು. ಕೇಳಿದವರಿಗೆಲ್ಲ ಪ್ರತಿಯೊಬ್ಬರೂ ನಿಜವನ್ನೇ ಹೇಳಿದರು, ನಮ್ಮೂರಿನ ರೀತಿಯಲ್ಲಿ. ಕಮ್ಮಾರ, ಇಪ್ಪತ್ತಮೂರು ಕಟ್ಟಿದ್ದು ದೊಡ್ಡ ಬೆಂಕಿಗಿಂತ ಮುಂಚೆ ಎಂದು ತಿಳಿಸಿದನಂತೆ. ಇನ್ನೊಬ್ಬ ಇಪ್ಪತ್ತನಾಲ್ಕರವರೆಗೂ ಜೊತೆಗೆ ಹೋಗಿ, ಇದಕ್ಕಿಂತ ಒಂದು ಕಮ್ಮಿ ನೋಡಿ ಎಂದು ಸಹಾಯ ಮಾಡಿದ. ಟ್ರಕ್ಕು ಕೆರೆಯನ್ನು ಎಷ್ಟು ಸುತ್ತು ಹಾಕಿತೋ, ಕಪ್ಪೆಗಳೂ ಸುಮ್ಮನಾದವು.

ನಾನು ರೊಜೀನಜ್ಜಿಯ ಕೈ ಹಿಡಿದು ಎಳೆದುಕೊಂಡು ಬರುವಾಗ ಚಾಪೆಲ್ಲಿನ ಮುಂದೆ ಅವರಿಗೆ ಎದುರುಬದುರು ಸಿಕ್ಕೆವು. ಟ್ರಕ್ಕಿನವರು ಇಬ್ಬರು, ಅವರ ಜೊತೆಗೆ ಅಲೋಯ್ಸ್. ತಡವಾಗುತ್ತಿದೆಯೆಂದು ಅವರು ಅವನನ್ನೂ ಎಳೆದು ತಂದಿದ್ದರು.

ಕೋಟಿನವನು ಅಜ್ಜಿಯ ಕೈಯ ಚೀಲ ನೋಡಿ, "ಎಲ್ಲಿಗೆ ಹೊರಟೆ, ಅಜ್ಜಿ?" ಎಂದ.

"ಹೆರಿಗೆಗೆ."

"ಯಾವ ಮನೆಗೆ?"

"ಮಗು ಹುಟ್ಟೋ ಮನೆಗೆ. ಬೇರೆ ಮನೆಗೆ ಹೋಗಿ ನಾನೇನು ಮಾಡ್ಲಿ?"

ಅವನು ಬಗ್ಗಿ ನನ್ನ ಗಲ್ಲ ಹಿಡಿದ. ಅವನ ಕೈಯಲ್ಲಿ ಪೆಟ್ರೋಲಿನ ವಾಸನೆ. "ನೀನು ಜಾಣೆ ಥರ ಕಾಣ್ತೀಯ. ನಿಮ್ಮ ಮನೆ ನಂಬರು ಎಷ್ಟು, ಪುಟ್ಟಿ?"

ನನಗೆ ಗೊತ್ತಿತ್ತು. ಬಾಯಿ ತೆರೆದೂ ಆಗಿತ್ತು. ಶಾಲೆಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವ ಹುಡುಗಿ ನಾನು.

"ಅವಳನ್ನೇನು ಕೇಳ್ತೀರಿ, ಕಾಮ್ರೇಡ್" ಎಂದ ಅಲೋಯ್ಸ್. "ಅದಕ್ಕೆ ಎಣಿಸೋಕೇ ಬರಲ್ಲ. ಹತ್ತು ದಾಟಿದ್ರೆ ಅಳುತ್ತೆ. ಹೋಗೇ, ಮೂಗು ಒರೆಸ್ಕೊಂಡು ಹೋಗು."

ನಾನು ಅತ್ತೆ. ಅವಮಾನಕ್ಕೆ ಅತ್ತೆ. ನೂರರ ತನಕ ಮುಂದಕ್ಕೂ ಹಿಂದಕ್ಕೂ ಹೇಳುತ್ತಿದ್ದವಳು ನಾನು, ತರಗತಿಯಲ್ಲಿ ಮೊದಲನೆಯವಳು. ಅಳುವುದನ್ನು ಕಂಡು ಕೋಟಿನವನು ಗಲ್ಲ ಬಿಟ್ಟ. ಅಜ್ಜಿ ನನ್ನನ್ನು ಎಳೆದುಕೊಂಡು ಕಾಲುದಾರಿ ಹತ್ತಿದಳು. ಆ ದಾರಿಯುದ್ದಕ್ಕೂ ಅಳುತ್ತಲೇ ಎಣಿಸುತ್ತ ಹೋದೆ, ಬರುತ್ತದೆ ಎಂದು ತೋರಿಸಲು. ಯಾರಿಗೆ ತೋರಿಸಲೋ.

ಮಧ್ಯಾಹ್ನದ ಗಂಟೆ ಹೊಡೆಯುವಾಗ ವೆಂಡೆಲಿನ್ ಹುಟ್ಟಿದ. ಕಪ್ಪು ಕೂದಲು, ಸಿಟ್ಟಿನ ಮುಖ. ಅಜ್ಜಿ ಅವನನ್ನು ತೊಳೆದು, ಅಮ್ಮನಿಗೆ ಸೂಪು ಕುಡಿಸಿ, ಕೈ ಒರೆಸಿಕೊಳ್ಳುವಷ್ಟರಲ್ಲಿ ಟ್ರಕ್ಕು ಅಂಗಳಕ್ಕೆ ಬಂತು. ಮನೆ ಸಿಕ್ಕೇ ಸಿಗುತ್ತದೆ, ಊರೇನು ಸಮುದ್ರವೇ. ಸಂಜೆಯ ಹೊತ್ತಿಗೆ ನಾವು ಟ್ರಕ್ಕಿನ ಮೇಲಿದ್ದೆವು, ಅಮ್ಮ ಹಾಸಿಗೆಯ ಮೇಲೆ, ತಮ್ಮ ಅವಳ ಕೋಟಿನೊಳಗೆ. ಆದರೆ ಅವನು ರಸ್ತೆಯಲ್ಲಿ ಹುಟ್ಟಲಿಲ್ಲ. ಟ್ರಕ್ಕಿನ ಹಲಗೆಯ ಮೇಲೆ, ಅಪರಿಚಿತರ ಮುಂದೆ ಹುಟ್ಟಲಿಲ್ಲ. ತನ್ನ ಮನೆಯಲ್ಲಿ, ಅಜ್ಜ ಮುತ್ತಜ್ಜ ಹುಟ್ಟಿದ ಅದೇ ಕೋಣೆಯಲ್ಲಿ ಹುಟ್ಟಿದ. ಬೆಳಿಗ್ಗೆಯೇ ಟ್ರಕ್ಕು ನೆಟ್ಟಗೆ ದಿಬ್ಬಕ್ಕೆ ಬಂದಿದ್ದರೆ ಅಮ್ಮ ಉಳಿಯುತ್ತಿರಲಿಲ್ಲ ಎಂದು ರೊಜೀನಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಮಗು ಅಡ್ಡ ತಿರುಗಿತ್ತು.

ಅಲೋಯ್ಸ್ ಒಳ್ಳೆಯವನು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಸಹಿ ಹಾಕಿದ ಕೈ ಅವನದೇ. ನಾನು ಬಾಯಿ ತೆರೆದಾಗ ಮಧ್ಯೆ ಬಂದ ಮಾತೂ ಅವನದೇ. ಎರಡನ್ನೂ ತಕ್ಕಡಿಗೆ ಹಾಕಿ ತೂಗಲು ನನಗೆ ಬಂದಿಲ್ಲ. ಬಹಳ ವರ್ಷ ಅವನ ಮೇಲೆ ನನಗಿದ್ದ ಸಿಟ್ಟು ಮನೆ ಕಿತ್ತುಕೊಂಡದ್ದಕ್ಕಲ್ಲ, ಎಣಿಸಲು ಬರುವುದಿಲ್ಲ ಎಂದದ್ದಕ್ಕೆ. ಅದರ ಅರ್ಥ ಹೊಳೆದಾಗ ನಾನು ಕರುಗಳಿಗೆ ಹಾಲು ಕುಡಿಸುತ್ತಿದ್ದೆ. ಬಕೆಟ್ಟು ಕೈತಪ್ಪಿ ಬಿತ್ತು.

ಈಗ ನಿನಗೆ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಚಾಪೆಲ್ಲಿನ ಗಂಟೆ ಹೊಡೆಯುವ ಕೆಲಸ ಇಲ್ಲಿ ಮನೆಗೊಂದು ವಾರ, ನಂಬರಿನ ಸರದಿಯಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಭಾನುವಾರ ಸಂಜೆ ಗಂಟೆ ಹೊಡೆದವರು ಬೀಗದ ಕೈಯನ್ನು ಮುಂದಿನ ನಂಬರಿನವರಿಗೆ ಕೊಟ್ಟು ಬರಬೇಕು. ಎಲ್ಲ ಮನೆ ಸುತ್ತಿ ಬರಲು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಒಮ್ಮೆ ಹಿಮದಲ್ಲಿ ನಮ್ಮ ವಾರ ಬಂದರೆ ಮುಂದೊಮ್ಮೆ ಪ್ಲಮ್ ಹಣ್ಣಾಗುವಾಗ ಬರುತ್ತದೆ. ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಮನೆ ಖಾಲಿ ಬಿದ್ದಿದ್ದರೆ, ರಜೆಗೆ ಮಾತ್ರ ಬರುವವರದಾಗಿದ್ದರೆ, ಪಕ್ಕದವರು ಅವರ ವಾರವನ್ನು ವಹಿಸಿಕೊಳ್ಳುತ್ತಾರೆ.

ನಮ್ಮನ್ನು ಕರೆದೊಯ್ದದ್ದು ಶನಿವಾರ. ಆ ವಾರ ಗಂಟೆ ಇಪ್ಪತ್ತೆರಡರವರದಾಗಿತ್ತು. ಮಾರನೇ ದಿನ ಸಂಜೆ ಪೆಹೋವಾ ಅತ್ತೆ ಗಂಟೆ ಹೊಡೆದು, ಬೀಗದ ಕೈ ಹಿಡಿದು, ಯಾವಾಗಲೂ ಮಾಡುವಂತೆ ದಿಬ್ಬ ಹತ್ತಿ ಬಂದಳು. ಮನೆಗೆ ಮುದ್ರೆ ಹಾಕಿತ್ತು. ಅವಳು ಅಲ್ಲಿ ಎಷ್ಟು ಹೊತ್ತು ನಿಂತಳೋ. ಬೀಗದ ಕೈಯನ್ನು ಗೇಟಿಗೆ ನೇತುಹಾಕಿ ಇಳಿದುಬಂದಳು. ಆ ವಾರ ಕ್ಲೆನೂವ್ಕಾದಲ್ಲಿ ಗಂಟೆ ಹೊಡೆಯಲಿಲ್ಲ. ಮುಂದಿನ ಭಾನುವಾರ ಇಪ್ಪತ್ತನಾಲ್ಕರವರು ದಿಬ್ಬ ಹತ್ತಿ, ಗೇಟಿನಿಂದ ಬೀಗದ ಕೈ ತೆಗೆದುಕೊಂಡು ಹೋಗಿ ಗಂಟೆ ಹೊಡೆದರು.

ಮನೆ ಕೆಡವಿದರು, ಗೇಟು ಉಳಿಯಿತು. ಗೇಟು ಕೊಳೆತಾಗ ಬೀಗದ ಕೈಯನ್ನು ಪಿಯರ್ ಹಣ್ಣಿನ ಮರಕ್ಕೆ ನೇತುಹಾಕಿದರು. ನಿನ್ನ ಅಡುಗೆಮನೆಯ ಕಿಟಕಿಗೆ ಎದುರಾಗಿ ನಿಂತಿದೆಯಲ್ಲ, ಅದೇ ಮರ. ಕೊಂಬೆಯಲ್ಲಿ ತುಕ್ಕು ಹಿಡಿದ ಮೊಳೆ ಯಾಕಿದೆ ಎಂದು ನಿನ್ನ ಬಡಗಿ ಕೇಳಿದ್ದ. ನಾನು, ಇರಲಿ ಬಿಡು ಎಂದಿದ್ದೆ. ಎಲ್ಲ ಖಾಲಿ ಮನೆಗಳ ವಾರವನ್ನೂ ಯಾರಾದರೂ ವಹಿಸಿಕೊಳ್ಳುತ್ತಾರೆ. ಇಪ್ಪತ್ತಮೂರರದನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ. ಪಟ್ಟಣದವರು ಒಮ್ಮೆ ಅಲೋಯ್ಸ್‌ನನ್ನು ವಿಚಾರಿಸಿದರಂತೆ, ಒಂದೊಂದು ವಾರ ನಿಮ್ಮ ಗಂಟೆ ಯಾಕೆ ಸುಮ್ಮನಿರುತ್ತದೆ ಎಂದು. ಹಗ್ಗ ಹರಿದಿತ್ತು ಎಂದನಂತೆ. ಪ್ರತಿ ಸಲವೂ ಅದೇ ಹಗ್ಗ.

ನನಗೂ ಇದು ಗೊತ್ತಿರಲಿಲ್ಲ. ನಮ್ಮನ್ನು ಸಾಗಿಸಿದ್ದ ಗಡಿಯ ಕಡೆಯ ಸರ್ಕಾರಿ ತೋಟದಲ್ಲಿ ಬೆಳೆದು, ಮದುವೆಯಾಗಿ ಈ ಎಂಟನೇ ಮನೆಗೆ ಬಂದ ಮೊದಲ ವರ್ಷ ಒಂದು ದಿನ ಮಧ್ಯಾಹ್ನ ಗಂಟೆ ಕೇಳಲಿಲ್ಲ. ಅತ್ತೆಯನ್ನು, "ಯಾರ ವಾರ ಇದು? ಮರೆತುಬಿಟ್ರಾ?" ಎಂದು ಕೇಳಿದೆ. ಅವಳು ಹಿಟ್ಟು ಕಲೆಸುವುದನ್ನು ನಿಲ್ಲಿಸದೆ, "ಯಾರೂ ಮರೆತಿಲ್ಲ. ನಿಮ್ಮ ವಾರ" ಎಂದಳು.

ವೆಂಡೆಲಿನ್‌ಗೆ ಬರೆದೆ. ಅಲ್ಲಿಂದ ಮುಂದೆ ಪ್ರತಿ ಸರದಿಗೂ ಬಂದ. ಚಾಪೆಲ್ಲಿನ ಎದುರಿನ ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, ತಾನು ಹುಟ್ಟಿದ ಮಧ್ಯಾಹ್ನದ ಹೊತ್ತಿನಲ್ಲಿ, ಆ ವಾರ ಹೊಡೆಯದ ಗಂಟೆಯನ್ನು ಕೇಳುತ್ತಿದ್ದ. ಆಮೇಲೆ ಎದ್ದು, "ಚೆನ್ನಾಗಿ ಹೊಡೆದ್ರು" ಎನ್ನುತ್ತಿದ್ದ. ನಿನಗೆ ಆರು ವರ್ಷವಿದ್ದಾಗ ಒಮ್ಮೆ ನಿನ್ನನ್ನೂ ಕರೆತಂದಿದ್ದ, ನೆನಪಿದೆಯಾ? ನೀನು ಐಸ್‌ಕ್ರೀಮ್ ಫ್ರಾಕಿಗೆಲ್ಲ ಸುರಿಸಿಕೊಂಡು, "ತಾತಾ, ನಾವು ಯಾರಿಗೆ ಕಾಯ್ತಿದ್ದೀವಿ?" ಎಂದೆ. "ಯಾರಿಗೂ ಇಲ್ಲ ಕಂದಾ, ನಮ್ಮದೇ ಸರದಿ" ಎಂದ. ಸರ್ಕಾರ ಬದಲಾಗಿ ಭೂಮಿ ವಾಪಸ್ಸು ಬಂದ ಮೇಲೂ ಅವನು ಅಲ್ಲಿ ಮನೆ ಕಟ್ಟಲಿಲ್ಲ, ಆ ವಾರ ಗಂಟೆ ಹೊಡೆಯಲೂ ಇಲ್ಲ. ಹೊಡೆಯಬಹುದಿತ್ತು. ಕೇಳಿದ್ದಕ್ಕೆ, "ಊರು ಇಷ್ಟು ವರ್ಷ ಕಾಪಾಡಿದ್ದನ್ನ ನಾನು ಯಾಕೆ ಕೆಡಿಸ್ಲಿ, ಅಕ್ಕಾ" ಎಂದ.

ಆದ್ದರಿಂದ ಇಪ್ಪತ್ತಮೂರು ಸತ್ತಿದೆ ಎಂದು ಸಭೆಯಲ್ಲಿ ಯಾರು ಹೇಳಿದರೂ ನಂಬಬೇಡ. ಕಾಯ್ದೆಗೆ ಅಷ್ಟೇ ಗೊತ್ತು. ಅದು ಈ ಊರಿನಲ್ಲಿ ಸರದಿ ತಪ್ಪದ ಮನೆ. ಅದನ್ನು ಹೊಸ ಗೋಡೆಗೆ ಹಚ್ಚಿದರೆ ಮುಂದಿನ ಸಲ ಆ ವಾರವೂ ಗಂಟೆ ಹೊಡೆಯಬೇಕಾಗುತ್ತದೆ. ಹೊರಗಿನವರ ಕಿವಿಗೆ ಏನೂ ನಡೆದೇ ಇಲ್ಲವೆಂಬಂತೆ ಕೇಳುತ್ತದೆ. ನಡೆದಿದೆ, ಅಪೊಲೆನಾ. ಇಪ್ಪತ್ತಮೂರು ಅದನ್ನು ಹೇಳುತ್ತ ಅಲ್ಲೇ ಇರಲಿ. ಆ ನಂಬರನ್ನು ನಮ್ಮಿಂದ ಕಿತ್ತುಕೊಳ್ಳಲು ಅವರಿಗೂ ಆಗಲಿಲ್ಲ. ನೀನು ಪಡೆದುಕೊಳ್ಳಲು ಅದು ಕಳೆದೂ ಇಲ್ಲ.

ನೀನು ಅರವತ್ತೊಂದನ್ನು ತೆಗೆದುಕೋ. ಮಾಟೌಶ್ ತೆಗೆದುಕೊಂಡಂತೆ ಕೊನೆಯ ನಂಬರು ತೆಗೆದುಕೋ. ಆದರೆ ಅವನಂತೆ ತಲೆ ತಗ್ಗಿಸಬೇಡ. ಒಂದು ಕಾಲಕ್ಕೆ ಕೊನೆಯದಾಗಿರದ ನಂಬರು ಈ ಊರಿನಲ್ಲಿ ಒಂದೂ ಇಲ್ಲ, ಕೌಡೆಲಾಗಳದ್ದನ್ನು ಬಿಟ್ಟರೆ. ಅದೂ ಕುದುರೆಯ ದಯೆ.

ಮುಂದಿನ ಭಾನುವಾರ ಸಂಜೆ ಇಪ್ಪತ್ತೆರಡರ ಹುಡುಗ, ಪೆಹೋವಾ ಅತ್ತೆಯ ಮೊಮ್ಮಗನ ಮಗ, ಬೀಗದ ಕೈ ತಂದು ನಿನ್ನ ಪಿಯರ್ ಮರಕ್ಕೆ ನೇತುಹಾಕುತ್ತಾನೆ. ನೀನು ಅಲ್ಲಿರು. ಅವನನ್ನು ಮಾತಾಡಿಸು, ಅವನಿಗೆ ನಿನ್ನ ಮನೆಯ ಏಣಿ ಹತ್ತಬೇಕೆಂಬ ಆಸೆ ಬಹಳ. ಬೀಗದ ಕೈಯನ್ನು ಮುಟ್ಟಬೇಡ. ಆ ವಾರದಲ್ಲಿ ಒಂದು ಮಧ್ಯಾಹ್ನ ಬೆಂಚಿನ ಮೇಲೆ ನನ್ನ ಜೊತೆ ಕೂತುಕೋ. ವೆಂಡೆಲಿನ್ ಇಲ್ಲದ ಮೊದಲ ಸರದಿ ಇದು. ಒಬ್ಬಳೇ ಕೂರಲು ನನಗೆ ಮನಸ್ಸಿಲ್ಲ.

ಆಮೇಲೆ ಬೀಗದ ಕೈ ಊರೆಲ್ಲ ಸುತ್ತುತ್ತದೆ. ಬರುವ ಬೇಸಿಗೆಯ ಹೊತ್ತಿಗೆ ಅರವತ್ತರವರು ಅದನ್ನು ಹಿಡಿದು ದಿಬ್ಬ ಹತ್ತಿ ನಿನ್ನ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಮಾಡಿಗೆ ಹೆಂಚು ಹೊದಿಸಿ ಮುಗಿದಿರಲಿ. ನಿನ್ನ ವಾರ ನೀನು ಹೊಡೆ, ಜೋರಾಗಿ ಹೊಡೆ, ಮಧ್ಯಾಹ್ನದ್ದನ್ನು ಸ್ವಲ್ಪ ಉದ್ದಕ್ಕೆ ಎಳೆ. ಅರವತ್ತೊಂದಾದ ಮೇಲೆ ಸರದಿ ಮತ್ತೆ ಒಂದಕ್ಕೆ ತಿರುಗುತ್ತದೆ. ಭಾನುವಾರ ಸಂಜೆ ಬೀಗದ ಕೈ ಹಿಡಿದುಕೊಂಡು ಕೌಡೆಲಾ ಅಂಗಳಕ್ಕೆ ಹೋಗಬೇಕಾದವಳು ನೀನು. ರಾದೊವಾನ್ ಬಾಗಿಲಲ್ಲಿ ನಿಂತಿರುತ್ತಾನೆ, ಬಹುಶಃ ಬ್ರೆಡ್ಡು ತಿನ್ನುತ್ತ, ಅದು ಅವರ ಮನೆಯ ಅಭ್ಯಾಸ. ಹೇಳಬೇಕಾದದ್ದು ಏನಾದರೂ ಉಳಿದಿದ್ದರೆ ಆಗ ಹೇಳು, ಹೇಳದಿದ್ದರೂ ಸರಿ. ಆದರೆ ಬೀಗದ ಕೈಯನ್ನು ಅವನ ಗೇಟಿಗೆ ನೇತುಹಾಕಿ ಬರಬೇಡ. ಅವನ ಕೈಗೇ ಕೊಡು.

ನಿನ್ನ ಮಾಡಿನ ಎರಡೂ ಇಳಿಜಾರಿನ ಮೇಲೆ ಒಳ್ಳೆಯ ಮಳೆ ಸುರಿಯಲಿ, ಒಳಗೆ ಒಂದು ಹನಿಯೂ ಸೋರದಿರಲಿ. ಭಾನುವಾರಕ್ಕೆ ಪ್ಲಮ್ ಕಡುಬು ಮಾಡಿಟ್ಟಿರುತ್ತೇನೆ.

ನೂರರ ತನಕ ಮುಂದಕ್ಕೂ ಹಿಂದಕ್ಕೂ ಎಣಿಸಬಲ್ಲ,
ನಿನ್ನ ಹೆಡ್ವಿಕಾ ಅಜ್ಜಿ